‘ಅಪಾಯ’ಕ್ಕೆ ಎಷ್ಟು ಎಂದು ಕೇಳಬಹುದೇ?

ಎಲ್ಲರಿಗೂ ನಮಸ್ಕಾರ.

ಮಂಡ್ಯದ ನಮ್ಮ ಚಿಕ್ಕಮ್ಮನನ್ನು ಹೋದ ತಿಂಗಳು ಮೈಸೂರಿನ ಒಂದು ಸ್ಕ್ಯಾನಿಂಗ್ ಸೆಂಟರಿಗೆ ಕರೆದುಕೊಂಡು ಹೋಗಿದ್ದೆ. ಕಿಡ್ನಿಯಲ್ಲಿ ಕಲ್ಲು, ವರ್ಷದೊಳಗೆ ಇದು ಮೂರನೇ ಸಿಟಿ ಸ್ಕ್ಯಾನ್. ಸಹಿ ಹಾಕಲು ಕೊಟ್ಟ ಕಾಗದದಲ್ಲಿ ‘ಪದೇ ಪದೇ ಸ್ಕ್ಯಾನ್ ಮಾಡಿಸುವುದರಿಂದ ವಿಕಿರಣದ ಅಪಾಯವಿದೆ’ ಎಂದಿತ್ತು. ಓದಿ ಹೇಳಿದೆ. ಚಿಕ್ಕಮ್ಮ ಪೆನ್ನು ಕೆಳಗಿಟ್ಟರು.

“ವಿಕಿರಣ ಅಂದ್ರೇನ್ಲಾ?”

“ರೇಡಿಯೇಷನ್ನು ಚಿಕ್ಕಮ್ಮ.”

“ಕರೆಂಟ್ ಕೊಡ್ತಾರಾ? ನಂಗೇನ್ ಕ್ಯಾನ್ಸರ್ ಬಂದದಾ?”

ನಮ್ಮ ಕಡೆ ಕ್ಯಾನ್ಸರಿನ ವಿಕಿರಣ ಚಿಕಿತ್ಸೆಗೆ ‘ಕರೆಂಟ್ ಕೊಡೋದು’ ಅಂತಲೇ ಹೆಸರು. ಗಡ್ಡೆ ಸುಡುವುದಕ್ಕೂ ಒಳಗಿನ ಚಿತ್ರ ತೆಗೆಯುವುದಕ್ಕೂ ಒಂದೇ ಪದವಾದರೆ ಹೆದರದೆ ಇನ್ನೇನು? ‘ಸ್ಕ್ಯಾನ್’ ಕೂಡ ಹಾಗೇ. ಬಸುರಿಯರಿಗೆ ಮಾಡುವ ಅಲ್ಟ್ರಾಸೌಂಡೂ ‘ಸ್ಕ್ಯಾನಿಂಗೇ’. ಅದರಲ್ಲಿ ಸಿಟಿಯಲ್ಲಿರುವಂಥ ಎಕ್ಸ್‌ರೇ ವಿಕಿರಣವಿಲ್ಲ, ಎಂಆರ್‌ಐಯಲ್ಲೂ ಇಲ್ಲ.

ನನ್ನನ್ನು ಕಾಡುತ್ತಿರುವುದು ಮಾತ್ರ ‘ಅಪಾಯ’. ಚಿಕ್ಕಮ್ಮ ಆ ಪದವನ್ನು ದಿನಾ ನೋಡುವುದು ಗದ್ದೆ ಬದಿಯ ಟ್ರಾನ್ಸ್‌ಫಾರ್ಮರಿನಲ್ಲಿ, ತಲೆಬುರುಡೆ ಚಿತ್ರದ ಜೊತೆ. ಅಲ್ಲಿ ಮುಟ್ಟಿದರೆ ಸತ್ತ ಹಾಗೆ, ಅಷ್ಟೆ. ಕಾಗದ ಹೇಳಹೊರಟಿದ್ದು ಅದನ್ನಲ್ಲ, ಅಂಗಡಿಯವರು ‘ರಿಸ್ಕು’ ಅನ್ನುತ್ತಾರಲ್ಲ, ಅದನ್ನು. ‘ಎಷ್ಟು ಅಪಾಯ?’ ಎಂದು ಕೇಳಿದರೂ ಕನ್ನಡದ ಕಿವಿಗೆ ಕೇಡು ಎಷ್ಟು ದೊಡ್ಡದು ಎಂದೇ ಕೇಳಿಸುತ್ತದೆ, ಎಷ್ಟು ಜನರಲ್ಲಿ ಒಬ್ಬರಿಗೆ ಎಂದಲ್ಲ.

ಲೆಕ್ಕ ಇಷ್ಟೇ. ಮೈಗೆ ತಾಗುವ ವಿಕಿರಣವನ್ನು ಅಳೆಯುವುದು ಸೀವರ್ಟಿನಲ್ಲಿ, ಅದರ ಸಾವಿರದಲ್ಲೊಂದು ಪಾಲು ಮಿಲಿಸೀವರ್ಟ್. ಹೊಟ್ಟೆಯ ಒಂದು ಸಿಟಿಗೆ ಸುಮಾರು 10 ಮಿಲಿಸೀವರ್ಟ್; ಕಲ್ಲು ಹುಡುಕಲಿಕ್ಕಾದರೆ ಇನ್ನೂ ಕಡಿಮೆಯಲ್ಲಿ ಮುಗಿಸಬಹುದು. ನೆಲ, ಗಾಳಿ, ಆಕಾಶದಿಂದ ಸುಮ್ಮನೆ ಕೂತವರಿಗೂ ವರ್ಷಕ್ಕೆ ಸರಾಸರಿ 2.4 ತಾಗುತ್ತದೆ. ಒಂದು ಸೀವರ್ಟ್ ತಾಗಿದರೆ ನೂರಕ್ಕೆ ಐವರು ಎಂಬ ಅಂತರರಾಷ್ಟ್ರೀಯ ಅಂದಾಜು ಹಿಡಿದರೆ, 10 ಮಿಲಿಸೀವರ್ಟಿನಿಂದ ಮುಂದೆಂದೋ ಕ್ಯಾನ್ಸರ್ ಬಂದು ಸಾಯುವ ಸಂಭವ ಎರಡು ಸಾವಿರಕ್ಕೊಬ್ಬರಿಗೆ. ಚಿಕ್ಕಮ್ಮನ ವಯಸ್ಸಿಗೆ ಅದಕ್ಕಿಂತ ಕಡಿಮೆ, ಮಕ್ಕಳಿಗೆ ಹೆಚ್ಚು. ಕಲ್ಲು ಎಲ್ಲಿ ಸಿಕ್ಕಿಕೊಂಡಿದೆ ಎಂದು ತಿಳಿಯದೆ ಬಿಟ್ಟರೆ ಕಿಡ್ನಿಯೇ ಕೆಡಬಹುದು.

ಹೀಗೆಂದು ಹೇಳಿದಾಗ ಚಿಕ್ಕಮ್ಮ, “ಎರಡು ಸಾವಿರಕ್ಕೊಬ್ರಾ? ನಮ್ಮೂರಲ್ಲಿ ಅಷ್ಟು ಜನಾನೇ ಇಲ್ವಲ್ಲೋ” ಅಂದು ಸಹಿ ಹಾಕಿದರು. ಹಾಕುವ ಮುಂಚೆ, “ಹೋದ್ಸಲದ ಸೀಡಿ ತಂದಿದ್ದೀನಿ, ಅದರಲ್ಲೇ ನೋಡಕ್ಕಾಗಲ್ವಾ?” ಎಂದು ಕೌಂಟರಿನವರನ್ನು ಕೇಳಿದ್ದೂ ಅವರೇ. ನನಗೆ ಹೊಳೆದಿರಲಿಲ್ಲ.

‘ಲಕ್ಷಕ್ಕೊಬ್ಬ’, ‘ಸಾವಿರಕ್ಕೊಂದು’ ಎನ್ನುವ ನಮ್ಮ ‘-ಕ್ಕೆ’ ಪ್ರತ್ಯಯವೇ ಈ ಕೆಲಸವನ್ನು ಚೆನ್ನಾಗಿ ಮಾಡುತ್ತದೆ ಎನಿಸಿತು. ಆದರೆ ಕಾಗದದ ತಲೆಬರಹಕ್ಕೆ ಒಂದು ನಾಮಪದ ಬೇಕಲ್ಲ. ‘ಅಪಾಯದ ಸಾಧ್ಯತೆ’ ಎಂದರೂ ತಲೆಬುರುಡೆ ಹೋಗುವುದಿಲ್ಲ. ‘ಗಂಡಾಂತರ’ ಜಾತಕದವರ ಸ್ವತ್ತು. ‘ಕೇಡಿನ ಸಂಭವ’ ಎಂದು ಬರೆದರೆ ನಡೆದೀತೇ? ಅಥವಾ ‘ರಿಸ್ಕು’ ಎಂದೇ ಇಟ್ಟುಬಿಡೋಣವೇ? ನಿಮ್ಮೂರ ಕಡೆ ಬೇರೆ ಮಾತೇನಾದರೂ ಇದ್ದರೆ ದಯವಿಟ್ಟು ತಿಳಿಸಿ.