ದಪ್ಪ ಪುಸ್ತಕ ಕಂಡರೆ ಓಡುವ ಹುಡುಗನಿಗೆ ಯಾವ ಕಾದಂಬರಿ?

ಅರ್ಧಪುಟ

ಮಗನಿಗೆ ಹತ್ತೂವರೆ ವರ್ಷ. ಕಾಮಿಕ್ಸ್ ಕೊಟ್ಟರೆ ಊಟ ಮರೆತು ಓದುತ್ತಾನೆ. ಚಿತ್ರವಿಲ್ಲದ ಪುಟ ಕಂಡರೆ ಆಕಳಿಕೆ. ಹೋದ ತಿಂಗಳು, ನಾನು ಚಿಕ್ಕವಳಿದ್ದಾಗ ಮೂರು ಸಲ ಓದಿದ್ದ ಪುಸ್ತಕವನ್ನೇ ಹುಡುಕಿ ತಂದುಕೊಟ್ಟೆ. ಹನ್ನೆರಡನೇ ಪುಟದಲ್ಲಿ ಬಸ್ ಟಿಕೆಟ್ ಸಿಕ್ಕಿಸಿ ಮುಚ್ಚಿಟ್ಟ. ಟಿಕೆಟ್ ಇನ್ನೂ ಅಲ್ಲೇ ಇದೆ. ಸುಳ್ಳು ಯಾಕೆ ಹೇಳಲಿ, ನನ್ನನ್ನೇ ಬೇಡ ಅಂದ ಹಾಗೆ ಅನ್ನಿಸಿತು.

ಅವನಿಗೆ ಇಷ್ಟವಾದದ್ದು ಸ್ಕ್ರೂಡ್ರೈವರ್ ಹಿಡಿದು ಏನನ್ನಾದರೂ ಬಿಚ್ಚುವುದು. ಮತ್ತೆ ಜೋಡಿಸುವುದು ನನ್ನ ಪಾಡು. ಇಂಗ್ಲಿಷ್ ಸರಾಗ, ಕನ್ನಡ ಸ್ವಲ್ಪ ನಿಧಾನ. ಎಂಟರಿಂದ ಹನ್ನೆರಡು ವರ್ಷದವರಿಗೆ ಅಂತ ಹುಡುಕಿದರೆ ನೂರು ಹೆಸರು ಬರುತ್ತವೆ. ನನಗೆ ಎರಡು ಸಾಕು. ಇನ್ನೊಂದು ವಿಷಯ, ಅಳಿಸುವ ಪುಸ್ತಕವನ್ನು ಈ ವಯಸ್ಸಿಗೇ ಕೊಡಬಹುದಾ?

ಹಳೇ ಕಪಾಟು

ಮೊದಲು ಆ ಟಿಕೆಟ್ ತೆಗೆದು, ಪುಸ್ತಕವನ್ನು ನಿಮ್ಮ ಕಪಾಟಿಗೇ ವಾಪಸ್ ಇಡಿ ಮೇಡಂ. ಅದು ಕಣ್ಣೆದುರು ಇದ್ದಷ್ಟು ದಿನ, ಸಾಲ ಕೊಟ್ಟವನು ಬಾಗಿಲಲ್ಲಿ ನಿಂತ ಹಾಗೆ ಅವನಿಗೆ.

ಮಕ್ಕಳ ಲೈಬ್ರರಿಯಲ್ಲಿ ಬಹಳ ವರ್ಷ ಕೆಲಸ ಮಾಡಿದವಳು ನಾನು. ಬಿಚ್ಚುವ ಹುಡುಗ ಅಂದ ತಕ್ಷಣ ನನಗೆ ನೆನಪಾಗುವುದು ಬ್ರಯಾನ್ ಸೆಲ್ಜ್‌ನಿಕ್ ಅವರ ‘ದಿ ಇನ್ವೆನ್ಷನ್ ಆಫ್ ಹ್ಯೂಗೊ ಕ್ಯಾಬ್ರೆ’ (2007). ಪ್ಯಾರಿಸ್ಸಿನ ರೈಲು ನಿಲ್ದಾಣದಲ್ಲಿ ಕದ್ದು ವಾಸ ಮಾಡುವ ಹುಡುಗ. ಅಲ್ಲಿನ ಗಡಿಯಾರಗಳನ್ನು ನೋಡಿಕೊಳ್ಳುತ್ತಾನೆ. ತೀರಿಹೋದ ಅಪ್ಪನ ನೋಟ್‌ಬುಕ್ ಇಟ್ಟುಕೊಂಡು, ಕೆಟ್ಟು ನಿಂತ ಯಂತ್ರದ ಬೊಂಬೆಯೊಂದನ್ನು ರಿಪೇರಿ ಮಾಡುತ್ತಾನೆ. 500ಕ್ಕೂ ಜಾಸ್ತಿ ಪುಟ ಇದೆ. ಗಾಬರಿಯಾಗಬೇಡಿ, ಅರ್ಧಕ್ಕಿಂತ ಹೆಚ್ಚು ಪೆನ್ಸಿಲ್ ಚಿತ್ರಗಳೇ. ಹುಡುಗ ಓಡುವಾಗ ಮಾತು ನಿಲ್ಲುತ್ತದೆ, ಪುಟ ತಿರುಗಿಸಿದಷ್ಟೂ ಚಿತ್ರ. ಅವನು ನಿಂತ ಮೇಲೆ ಮತ್ತೆ ಅಕ್ಷರ. ಚಿತ್ರ ಓದುತ್ತಿದ್ದವರು ಯಾವಾಗ ಅಕ್ಷರಕ್ಕೆ ದಾಟಿದರು ಅಂತ ಅವರಿಗೇ ಗೊತ್ತಾಗುವುದಿಲ್ಲ. ಅಮೆರಿಕದಲ್ಲಿ ಚಿತ್ರಪುಸ್ತಕಗಳಿಗೆ ಕೊಡುವ ಕಾಲ್ಡೆಕಾಟ್ ಪದಕ 2008ರಲ್ಲಿ ಈ ಕಾದಂಬರಿಗೆ ಬಂತು. ಒಬ್ಬ ಹುಡುಗಿ ಓದಿ ಮುಗಿಸಿದ ಮೇಲೂ ಒಂದು ವಾರ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಓಡಾಡಿದ್ದಳು. ಅಷ್ಟು ದಪ್ಪದ್ದು ಮುಗಿಸಿದ್ದೇನೆ ಅಂತ ಎಲ್ಲರಿಗೂ ಕಾಣಬೇಕಲ್ಲ!

ಎರಡನೆಯದು ಪೀಟರ್ ಬ್ರೌನ್ ಅವರ ‘ದಿ ವೈಲ್ಡ್ ರೋಬಾಟ್’ (2016). ದ್ವೀಪಕ್ಕೆ ಬಂದು ಬಿದ್ದ ರೋಬಾಟ್ ಒಂದು ಹೆಬ್ಬಾತಿನ ಮರಿಯನ್ನು ಸಾಕುತ್ತದೆ. 80 ಅಧ್ಯಾಯ, ಒಂದೊಂದೂ ಪುಟ್ಟದು. ಮಲಗುವ ಹೊತ್ತಿಗೆ “ಇನ್ನೊಂದೇ” ಅಂತ ಅವನೇ ಕೇಳುತ್ತಾನೆ.

ಪುಟದಲ್ಲಿ ಗೊತ್ತಿಲ್ಲದ ಪದ ಬಂದಾಗೆಲ್ಲ ಒಂದು ಬೆರಳು ಮಡಚಬೇಕು, ಐದಾದರೆ ಪುಸ್ತಕ ಕಷ್ಟ ಅಂತ ಒಂದು ಲೆಕ್ಕವಿದೆ. ನನಗೆ ಅದರಲ್ಲಿ ಅರ್ಧ ನಂಬಿಕೆ. ಡೈನೋಸಾರ್ ಹುಚ್ಚಿನ ಮಕ್ಕಳು ಎಂಥೆಂಥ ಹೆಸರು ನುಂಗಿಕೊಂಡು ಓದುತ್ತಾರೆ, ನೋಡಿದ್ದೀರಲ್ಲ.

ಮೂರನೇ ಬೆಂಚು

ಗ್ಯಾರಿ ಪಾಲ್ಸನ್ ಅವರ ‘ಹ್ಯಾಚೆಟ್’ ಕೊಡಿ. ಅದರ ಹುಡುಗನಿಗೆ 13 ವರ್ಷ. ಮಕ್ಕಳಿಗೆ ತಮಗಿಂತ ಒಂದೆರಡು ವರ್ಷ ದೊಡ್ಡವರ ಕತೆಯೇ ಬೇಕು. ಹತ್ತರವರು ಒಂಬತ್ತರವನ ಕತೆಯನ್ನು ಮೂಸಿಯೂ ನೋಡುವುದಿಲ್ಲ.

ನಾನು ಮಾಡಿದ್ದು ಇಷ್ಟೇ. ರಾತ್ರಿ ಮಗಳಿಗೆ ಮೊದಲ ಅಧ್ಯಾಯ ಜೋರಾಗಿ ಓದಿದೆ. ಪುಟಾಣಿ ವಿಮಾನ. ಒಳಗೆ ಪೈಲಟ್ ಮತ್ತು ಈ ಹುಡುಗ, ಇಬ್ಬರೇ. ಆಕಾಶದಲ್ಲೇ ಪೈಲಟ್‌ಗೆ ಹೃದಯಾಘಾತ. ಅಲ್ಲಿಗೆ ಪುಸ್ತಕ ಮುಚ್ಚಿ, “ಉಳಿದದ್ದು ನಾಳೆ” ಅಂದೆ. ಬೆಳಿಗ್ಗೆ ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡೇ ಹೇಳಿದಳು: “ಅಪ್ಪಾ, ವಿಮಾನ ಕೆರೆಗೆ ಬಿತ್ತು.” ಆಮೇಲೆ ಕಾಡಿನಲ್ಲಿ 54 ದಿನ, ಅಮ್ಮ ಕೊಟ್ಟ ಒಂದು ಕೈಗೊಡಲಿ ಬಿಟ್ಟರೆ ಬೇರೇನಿಲ್ಲ. ಅಪ್ಪ ಅಮ್ಮನ ವಿಚ್ಛೇದನದ ನೋವೂ ಕತೆಯಲ್ಲಿದೆ, ನೀವು ಮೊದಲು ಓದಿಕೊಳ್ಳಿ.

ಕನ್ನಡ ನಿಧಾನ ಅಂದಿರಲ್ಲ, ತೇಜಸ್ವಿಯವರ ‘ಕರ್ವಾಲೊ’ (1980) ನೀವೇ ಓದಿ ಹೇಳಿ. ಮಕ್ಕಳಿಗೆ ಅಂತಲೇ ಬರೆದದ್ದಲ್ಲ, ಶುರುವಿನಲ್ಲಿ ಸ್ವಲ್ಪ ಮಿಸುಕಾಡಬಹುದು. ಹಾರುವ ಓತಿಯ ಹಿಂದೆ ಕಾಡಿಗೆ ಹೊರಟ ಮೇಲೆ ನಿಮ್ಮನ್ನು ಏಳಲು ಬಿಡುವುದಿಲ್ಲ.

ಇಲಿಬಾಲ

ಅಳಿಸುವ ಪುಸ್ತಕದ ಬಗ್ಗೆ. ಅಕ್ಕನ ಮಗನಿಗೆ ಕ್ಯಾಥರೀನ್ ಪ್ಯಾಟರ್ಸನ್ ಅವರ ‘ಬ್ರಿಜ್ ಟು ಟೆರಬಿಥಿಯಾ’ (1977) ಕೊಟ್ಟೆ. ನ್ಯೂಬೆರಿ ಪದಕ ಬಂದಿದೆ, ಒಳ್ಳೆಯದೇ ಇರುತ್ತದೆ ಅಂದುಕೊಂಡೆ. ಎರಡು ದಿನ ಹುಡುಗ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಕೇಳಿದ: “ಅವಳು ಸಾಯ್ತಾಳೆ ಅಂತ ನಿಂಗೆ ಗೊತ್ತಿತ್ತಾ ಮಾಮ?”

“ಇಲ್ಲ ಕಣೋ, ನಾನು ಓದಿಲ್ಲ.”

“ಓದದೇ ಕೊಟ್ಯಾ?”

ಅವತ್ತು ರಾತ್ರಿಯೇ ಕೂತು ಓದಿದೆ. ಲೇಖಕಿಯ ಮಗನ ಪುಟ್ಟ ಗೆಳತಿ ಸಿಡಿಲು ಬಡಿದು ತೀರಿಕೊಂಡಿದ್ದಳಂತೆ, ಆ ದುಃಖದಿಂದ ಹುಟ್ಟಿದ ಕತೆ. ಬೆಳಿಗ್ಗೆ ಇಬ್ಬರೂ ಅದರ ಬಗ್ಗೆ ತುಂಬ ಹೊತ್ತು ಮಾತಾಡಿದೆವು. ಕೊಡಬಾರದು ಅಂತ ನಾನು ಹೇಳುವುದಿಲ್ಲ. ಕೊಟ್ಟು ಹೊರಟುಹೋಗಬೇಡಿ, ಅಷ್ಟೇ.

ಅರ್ಧಪುಟ

ಹ್ಯೂಗೊ ಸಿಕ್ಕಿತು. ಟಿಕೆಟ್ ಈಗ 211ನೇ ಪುಟದಲ್ಲಿದೆ. ಅದರಲ್ಲಿ ಓದಿದ್ದೆಷ್ಟು, ಚಿತ್ರ ನೋಡಿದ್ದೆಷ್ಟು ಅಂತ ಯಾರೂ ಕೇಳಬೇಡಿ. ಹ್ಯಾಚೆಟ್ ನಾನು ಮೊದಲು ಓದುತ್ತಿದ್ದೇನೆ. ಆದರೂ ಮೂರನೇ ಬೆಂಚು ಸಾರ್, ವಿಮಾನ ಕೆರೆಗೆ ಬೀಳುತ್ತದೆ ಅಂತ ಮೊದಲೇ ಹೇಳಿಬಿಟ್ಟಿರಲ್ಲ!