ಗೋಡೆ ಒಳಗೆ ಐಸ್ ಕಟ್ಟಿದೆ, ಇನ್ನೊಂದು ಪ್ಲಾಸ್ಟಿಕ್ ಶೀಟ್ ಹಾಕಿಸಬೇಕಾ?

ಮಿನಿಯಾಪೊಲಿಸ್_ಹೊಸಮನೆ

ಎಲ್ಲರಿಗೂ ನಮಸ್ಕಾರ. ಎರಡು ವರ್ಷದ ಹಿಂದೆ ಮಿನಿಯಾಪೊಲಿಸ್ ಹತ್ತಿರ ಒಂದು ಮನೆ ಕೊಂಡೆವು. 1998ರಲ್ಲಿ ಕಟ್ಟಿದ್ದು. ಗೋಡೆ ಪೂರ್ತಿ ಮರದ ಚೌಕಟ್ಟು, ಟೂ ಬೈ ಸಿಕ್ಸ್ ಸ್ಟಡ್, ಅಂದರೆ ಸಾಲಾಗಿ ನಿಲ್ಲಿಸಿದ ಮರದ ಕಂಬಗಳು. ಒಳಗಿನಿಂದ ಲೆಕ್ಕ ಹಾಕಿದರೆ ಡ್ರೈವಾಲ್ (ಜಿಪ್ಸಂ ಹಾಳೆ), ಅದರ ಹಿಂದೆ ನೀರಾವಿ ತಡೆಯುವ ಪ್ಲಾಸ್ಟಿಕ್‌ನ ಪಾಲಿ ಶೀಟ್, ಸ್ಟಡ್‌ಗಳ ನಡುವೆ ಚಳಿ ತಡೆಯಲು ಫೈಬರ್‌ಗ್ಲಾಸ್, ಆಮೇಲೆ ಮರದ ಚಕ್ಕೆ ಒತ್ತಿ ಮಾಡಿದ ಓಎಸ್‌ಬಿ ಹಲಗೆ, ಹೊರಗೆ ವಿನೈಲ್ ಸೈಡಿಂಗ್ ಅನ್ನುವ ಪ್ಲಾಸ್ಟಿಕ್ ಹೊದಿಕೆ.

ನವೆಂಬರ್‌ನಲ್ಲಿ ಮಗು ಹುಟ್ಟಿತು. ಬಾಣಂತನಕ್ಕೆ ಅಮ್ಮ ಬಂದಿದ್ದಾರೆ. ಮಗುವಿನ ಮೂಗು ಒಣಗುತ್ತದೆ ಅಂತ ಗಾಳಿಗೆ ತೇವ ಸೇರಿಸುವ ಹ್ಯೂಮಿಡಿಫೈಯರ್ ಶೇಕಡಾ 50ಕ್ಕೆ ಇಟ್ಟಿದ್ದೇವೆ. ಹೊರಗೆ ಮೈನಸ್ 20 ಇರುವಾಗ ಬಟ್ಟೆ ಎಲ್ಲಿ ಹಾಕುವುದು, ಅದೂ ಒಳಗೇ ಒಣಗುತ್ತದೆ. ಎರಡು ಹೊತ್ತು ಬಿಸಿನೀರಿನ ಸ್ನಾನ ಬೇರೆ. ಮೊನ್ನೆ ಮೇಲಿನ ರೂಮಿನ ವಾರ್ಡ್‌ರೋಬ್ ಸರಿಸಿ ನೋಡಿದರೆ ಮೂಲೆಯಲ್ಲಿ ಕಪ್ಪು ಬೂಷ್ಟು. ಪ್ಲಗ್ ಪಾಯಿಂಟ್ ಪಕ್ಕ ಸ್ವಲ್ಪ ಡ್ರೈವಾಲ್ ಕತ್ತರಿಸಿದೆ. ಫೈಬರ್‌ಗ್ಲಾಸ್ ಅಲ್ಲಿ ಮಸಿ ಹಿಡಿದ ಹಾಗೆ ಕಪ್ಪಗಿತ್ತು. ಅದನ್ನು ಎಳೆದರೆ ಓಎಸ್‌ಬಿ ಮೇಲೆ ಬಿಳಿ ಐಸ್, ಫ್ರೀಜರ್ ಒಳಗೆ ಕಟ್ಟುತ್ತದಲ್ಲ ಹಾಗೆ. ನೋಡಿ ಎದೆ ಧಸಕ್ಕೆಂದಿತು. ಆ ರೂಮಿನಲ್ಲೇ ಮಗು ಮಲಗುವುದು.

ಬಂದು ನೋಡಿದ ಕಾಂಟ್ರಾಕ್ಟರ್, ಒಳಗಿನಿಂದ ಇನ್ನೊಂದು ಪಾಲಿ ಶೀಟ್ ಹೊಡೆದು, ಬೂಷ್ಟು ನಿಲ್ಲಿಸುವ ಪೇಂಟ್ ಬಳಿದು ಮುಚ್ಚೋಣ ಅಂದಿದ್ದಾರೆ. ಮುಚ್ಚಿಸಲಾ?

ಒಟ್ಟಾವಾ_ಆಡಿಟ್

ದಯವಿಟ್ಟು ಈಗ ಮುಚ್ಚಿಸಬೇಡಿ. ಮೊದಲು ಮಗುವನ್ನು ಬೇರೆ ರೂಮಿನಲ್ಲಿ ಮಲಗಿಸಿ.

ನಾನು ಮನೆಗಳ ಎನರ್ಜಿ ಆಡಿಟ್ ಮಾಡುತ್ತೇನೆ, ಅಂದರೆ ಮನೆಯ ಶಾಖ ಎಲ್ಲಿ ಸೋರುತ್ತದೆ ಅಂತ ಪರೀಕ್ಷಿಸುವ ಕೆಲಸ. ನೀವು ಬರೆದಿದ್ದರಲ್ಲಿ ದೊಡ್ಡ ಸುಳಿವು ಆ ಕಪ್ಪಾದ ಫೈಬರ್‌ಗ್ಲಾಸ್. ಅದು ಬಹುಪಾಲು ಧೂಳು. ಮನೆಯ ಗಾಳಿ ಪ್ಲಗ್ ಬಾಕ್ಸಿನ ಸಂದಿಯಿಂದ ಗೋಡೆಗೆ ನುಗ್ಗುತ್ತಿದೆ, ಫೈಬರ್‌ಗ್ಲಾಸ್ ಅದನ್ನು ಜರಡಿ ಹಿಡಿಯುತ್ತಿದೆ. ಧೂಳು ಅಲ್ಲೇ ನಿಲ್ಲುತ್ತದೆ, ನೀರಾವಿ ಮುಂದೆ ಹೋಗುತ್ತದೆ. ಒಳಗೆ 21 ಡಿಗ್ರಿ, ತೇವಾಂಶ 50 ಇದ್ದರೆ ಆ ಗಾಳಿ 10 ಡಿಗ್ರಿಗೆ ಇಳಿದ ಕೂಡಲೇ ನೀರು ಬಿಡಲು ಶುರು ಮಾಡುತ್ತದೆ. ನಿಮ್ಮ ಓಎಸ್‌ಬಿ ಹೆಚ್ಚುಕಡಿಮೆ ಹೊರಗಿನಷ್ಟೇ ತಣ್ಣಗಿರುತ್ತದೆ, ಹಾಗಾಗಿ ನೀರಲ್ಲ, ನೇರವಾಗಿ ಐಸ್.

ನೀರಾವಿ ಡ್ರೈವಾಲ್ ಮೂಲಕ ನಿಧಾನ ಜಿನುಗುತ್ತದೆ ಅಂತಲೇ ಜಾಸ್ತಿ ಜನ ಹೆದರುತ್ತಾರೆ. ಈ ಕೆಲಸದವರೆಲ್ಲ ಹೇಳುವ ಒಂದು ಲೆಕ್ಕ ಇದೆ. ಚಳಿ ಊರಲ್ಲಿ ನಾಲ್ಕು ಅಡಿ ಎಂಟು ಅಡಿಯ ಒಂದು ಡ್ರೈವಾಲ್ ಹಾಳೆಯಿಂದ ಇಡೀ ಚಳಿಗಾಲದಲ್ಲಿ ಹಾಗೆ ಜಿನುಗುವುದು ಸುಮಾರು 300 ಮಿಲಿ. ಅದೇ ಹಾಳೆಯಲ್ಲಿ ಒಂದು ಚದರ ಇಂಚಿನ ತೂತು ಇದ್ದರೆ ಗಾಳಿ ಜೊತೆ ಹೋಗುವುದು ಸುಮಾರು 28 ಲೀಟರ್! ಅಂದಮೇಲೆ ಇನ್ನೊಂದು ಪಾಲಿ ಶೀಟ್ ಹಾಕಿ ಏನು ಪ್ರಯೋಜನ, ತೂತು ತೂತಾಗಿಯೇ ಇರುತ್ತದಲ್ವಾ? ಈಗ ಆಗಲೇ ನೆಂದಿರುವ ಹಲಗೆ ಒಳಗಡೆಗೆ ಆರುವ ದಾರಿಯೂ ಇನ್ನಷ್ಟು ಮುಚ್ಚಿಹೋಗುತ್ತದೆ.

ಇವತ್ತೇ ಹ್ಯೂಮಿಡಿಫೈಯರ್ 25ಕ್ಕೆ ಇಳಿಸಿ. ನಿಮ್ಮ ಚಳಿಗೆ ಅಷ್ಟೇ ತಡೆಯುವುದು. ಸ್ನಾನದ ಮನೆಯ ಫ್ಯಾನ್ ಸ್ನಾನ ಮುಗಿದ ಮೇಲೂ ಅರ್ಧ ಗಂಟೆ ಓಡಲಿ, ಅದರ ಪೈಪು ಅಟ್ಟಕ್ಕಲ್ಲ, ಮನೆಯಿಂದ ಹೊರಗೇ ಹೋಗಿದೆಯಾ ಅಂತ ಹತ್ತಿ ನೋಡಿ. ಅಡುಗೆಮನೆಯ ಚಿಮಣಿಯೂ ಅಷ್ಟೇ, ಇಲ್ಲಿನ ಎಷ್ಟೋ ಮನೆಗಳಲ್ಲಿ ಅದು ಹಬೆಯನ್ನು ಫಿಲ್ಟರಿನಿಂದ ತಿರುಗಿಸಿ ಮತ್ತೆ ಅಡುಗೆಮನೆಗೇ ಬಿಡುತ್ತದೆ, ಇಡ್ಲಿ ಬೇಯಿಸುವ ಮನೆಗೆ ಅದು ಸಾಲದು. ವಸಂತದಲ್ಲಿ ಹಲಗೆ ಒಣಗಿದ ಮೇಲೆ ಪ್ಲಗ್ ಬಾಕ್ಸ್, ಗೋಡೆ ನೆಲಕ್ಕೆ ಸೇರುವ ಅಡಿಪಟ್ಟಿ, ರಿಮ್ ಜಾಯಿಸ್ಟ್ (ನೆಲದ ತೊಲೆಗಳ ಹೊರಅಂಚಿನ ಮರ), ಎಲ್ಲ ಸಂದಿಗಳನ್ನೂ ಸೀಲ್ ಮಾಡಿಸಿ. ಮರದ ತೇವ ಅಳೆಯುವ, ಪಿನ್ ಚುಚ್ಚುವ ಮಾಯಿಶ್ಚರ್ ಮೀಟರ್ ಒಂದು ತಗೊಳ್ಳಿ. ಮರದ ತೇವ ಶೇಕಡಾ 20ಕ್ಕಿಂತ ಕೆಳಗಿಳಿಯದೆ ಗೋಡೆ ಮುಚ್ಚುವ ಮಾತೇ ಬೇಡ.

ಹ್ಯೂಸ್ಟನ್_ರಾವ್

ಒಂದು ಮಾತು ಸೇರಿಸುತ್ತೇನೆ. ನಮ್ಮ ಕಡೆ ಇದು ಪೂರ್ತಿ ಉಲ್ಟಾ. ಹೊರಗೆ ಸೆಕೆ, ಒಳಗೆ ಏಸಿ. ನೀರಾವಿ ಹೊರಗಿನಿಂದ ಒಳಕ್ಕೆ ಬರುತ್ತದೆ. ನಮ್ಮ ಹಿಂದಿನ ಮನೆಯಲ್ಲಿ ಒಳಗೋಡೆಗೆ ವಿನೈಲ್ ವಾಲ್‌ಪೇಪರ್ ಅಂಟಿಸಿದ್ದರು, ಕಿತ್ತರೆ ಹಿಂದೆಲ್ಲ ಗುಲಾಬಿ ಬಣ್ಣದ ಬೂಷ್ಟು. ಮಿನಿಯಾಪೊಲಿಸ್‌ನಲ್ಲೂ ಜುಲೈನಲ್ಲಿ ಏಸಿ ಹಾಕುತ್ತೀರಲ್ಲ, ಆಗ ಪಾಲಿ ಹಿಂದೆಯೂ ಹೀಗೇ ಆಗಬಹುದು. ಪಾಲಿ ಬದಲು ನೈಲಾನ್‌ನ ಸ್ಮಾರ್ಟ್ ಶೀಟ್ ಸಿಗುತ್ತದೆ. ಒಣಗಿದ್ದಾಗ ಆವಿ ತಡೆಯುತ್ತದೆ, ತೇವ ಜಾಸ್ತಿಯಾದರೆ ಬಿಟ್ಟುಕೊಡುತ್ತದೆ. ಆ ಗೋಡೆ ಹೇಗೂ ಬಿಚ್ಚುತ್ತೀರಿ, ಕೇಳಿ ನೋಡಿ.

ಮಿನಿಯಾಪೊಲಿಸ್_ಹೊಸಮನೆ

ತುಂಬಾ ಉಪಕಾರವಾಯಿತು ಸರ್. ಮಗುವನ್ನು ನಮ್ಮ ರೂಮಿಗೆ ತಂದೆವು. ಈಗ ಏಪ್ರಿಲ್, ಮೀಟರ್ ತಂದು ಚುಚ್ಚಿದೆ. ಐಸ್ ಇದ್ದ ಜಾಗ 17ಕ್ಕೆ ಬಂದಿದೆ. ಆದರೆ ಅದೇ ಗೋಡೆಯ ಕಿಟಕಿ ಕೆಳಗೆ 31 ತೋರಿಸುತ್ತಿದೆ, ಮೊಳೆ ಚುಚ್ಚಿದರೆ ಮೆತ್ತಗೆ ಇಳಿಯುತ್ತದೆ. ಇದೂ ಒಳಗಿನ ಗಾಳಿಯಿಂದಲೇನಾ?

ತೀರ್ಥಹಳ್ಳಿ_ವ್ಯಾಂಕೂವರ್

ಅಲ್ಲ ತಮ್ಮಾ, ಅದು ಮಳೆ ನೀರು ಅನಿಸುತ್ತದೆ. ಐಸ್ ಕರಗಿ ಉಳಿದದ್ದೆಲ್ಲ ಆರಿದೆ, ಕಿಟಕಿಯ ಕೆಳಗೆ ಮಾತ್ರ ಆರಿಲ್ಲ ಅಂದರೆ ಅಲ್ಲಿ ಹೊಸ ನೀರು ಬೀಳುತ್ತಲೇ ಇದೆ. 31 ಅಂದರೆ ಮರ ಕೊಳೆಯುವ ಮಟ್ಟ.

ನಮ್ಮ ವ್ಯಾಂಕೂವರ್ ಈ ಪಾಠ ಕಲಿತದ್ದು ತುಂಬಾ ನೋವಿನಿಂದ. ಎಂಬತ್ತು, ತೊಂಬತ್ತರ ದಶಕದಲ್ಲಿ ಇಲ್ಲಿ ಸಾವಿರಾರು ಕಾಂಡೋಗಳು (ಸ್ವಂತದ ಫ್ಲಾಟ್‌ಗಳು) ಹೀಗೇ ಕೊಳೆತವು. ಗೋಡೆಯಾಚೆ ಚಾಚುವ ಸೂರಿಲ್ಲದ ಚಾವಣಿ, ಹಲಗೆಗೆ ಅಂಟಿಕೊಂಡಂತೆ ಸ್ಟಕೊ ಅನ್ನುವ ಸಿಮೆಂಟ್ ಗಾರೆ, ಕಿಟಕಿ ಸುತ್ತ ಬರೀ ಸೀಲಂಟ್ ನಂಬಿಕೊಂಡ ಕೆಲಸ. ಒಳಗೆ ಹೋದ ನೀರಿಗೆ ಹೊರಗೆ ಬರುವ ದಾರಿ ಇರಲಿಲ್ಲ. 1998ರಲ್ಲಿ ಇಲ್ಲಿನ ಪ್ರಾಂತ್ಯ ಸರ್ಕಾರ ಇದರ ತನಿಖೆಗೆ ಬ್ಯಾರೆಟ್ ಆಯೋಗ ಕೂರಿಸಬೇಕಾಯಿತು. ಮನೆ ಉಳಿಸಿಕೊಳ್ಳಲು ಸಾಲ ಮಾಡಿದ ಕುಟುಂಬಗಳು ಎಷ್ಟೋ. ಈಗ ಇಲ್ಲಿ ಹೊರಹೊದಿಕೆ ಮತ್ತು ಗೋಡೆಯ ನಡುವೆ ಕಡೇ ಪಕ್ಷ 10 ಮಿಲಿಮೀಟರ್ ಖಾಲಿ ಜಾಗ ಬಿಡುತ್ತಾರೆ. ರೇನ್‌ಸ್ಕ್ರೀನ್ ಅಂತ ಹೆಸರು.

ಮೊದಲ ಸಲ ಅದನ್ನು ನೋಡಿದಾಗ ನನಗೆ ನಮ್ಮ ಮನೆಯೇ ನೆನಪಾಯಿತು. ಮೇ ಕೊನೆಗೆ ಅಪ್ಪ ಪಡುವಣ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿಸುತ್ತಿದ್ದರು. ಗೋಡೆಗೆ ತಾಗಿಸದೆ, ನಡುವೆ ಅಡ್ಡಪಟ್ಟಿ ಕೊಟ್ಟು ಸ್ವಲ್ಪ ದೂರಕ್ಕೆ. ಇರಚಲು ಮಳೆ ತಟ್ಟಿಗೆ ಬಡಿದು ಕೆಳಗೆ ಇಳಿಯುತ್ತಿತ್ತು, ಹಿಂದೆ ಗಾಳಿ ಆಡಿ ಮಣ್ಣಿನ ಗೋಡೆ ಆರುತ್ತಿತ್ತು. ನೂರು ದಿನದ ಮಳೆಗೂ ಆ ಗೋಡೆ ಕುಸಿಯಲಿಲ್ಲ.

ನಿಮ್ಮ ವಿನೈಲ್ ಸೈಡಿಂಗ್ ಹಿಂದೆ ಗಾಳಿ ಸ್ವಲ್ಪ ಆಡುತ್ತದೆ, ಅದು ನಿಮ್ಮ ಅದೃಷ್ಟ. ಇಡೀ ಸೈಡಿಂಗ್ ಕೀಳಿಸಬೇಡಿ. ಆ ಕಿಟಕಿಯ ಸುತ್ತ ಮಾತ್ರ ಬಿಚ್ಚಿಸಿ. ಕಿಟಕಿ ಕೂತಿರುವ ಅಡಿಮರದ ಮೇಲೆ ಹೊರಕ್ಕೆ ಇಳಿಜಾರಾದ ಸಿಲ್ ಪ್ಯಾನ್ (ನೀರನ್ನು ಹೊರಗೆ ಹರಿಸುವ ತಟ್ಟೆ) ಇದೆಯಾ, ಕಿಟಕಿಯ ಮೇಲಂಚಿನಲ್ಲಿ ಹೌಸ್‌ವ್ರ್ಯಾಪ್ (ಓಎಸ್‌ಬಿ ಮೇಲೆ ಸುತ್ತಿದ ನೀರು ತಡೆಯುವ ಹಾಳೆ) ಫ್ಲಾಶಿಂಗ್ (ನೀರು ತಿರುಗಿಸುವ ಪಟ್ಟಿ) ಮೇಲೆ ಇಳಿಬಿದ್ದಿದೆಯಾ ಇಲ್ಲ ಅದರ ಹಿಂದೆ ಸಿಕ್ಕಿಕೊಂಡಿದೆಯಾ ನೋಡಿ. ಹೆಂಚು ಹೊದಿಸುವಾಗ ಮೇಲಿನದು ಕೆಳಗಿನದರ ಮೇಲೆ ಬರುತ್ತದಲ್ವಾ, ಹಾಗೇ ಇರಬೇಕು. ಉಲ್ಟಾ ಇದ್ದರೆ ಎಷ್ಟು ಸೀಲಂಟ್ ಮೆತ್ತಿದರೂ ನೀರು ನಿಲ್ಲುವುದಿಲ್ಲ.

ಮಿನಿಯಾಪೊಲಿಸ್_ಹೊಸಮನೆ

ಅಕ್ಕಾ, ನೀವು ಹೇಳಿದ್ದೇ ಆಗಿತ್ತು. ಹೌಸ್‌ವ್ರ್ಯಾಪ್ ಫ್ಲಾಶಿಂಗಿನ ಹಿಂದೆ ಇತ್ತು, ಸಿಲ್ ಪ್ಯಾನ್ ಇರಲೇ ಇಲ್ಲ. ಎರಡು ಅಡಿ ಓಎಸ್‌ಬಿ ಪುಡಿಯಾಗಿತ್ತು, ಸ್ಟಡ್‌ಗಳು ಗಟ್ಟಿ ಇವೆ. ಬೇರೆಯವರನ್ನು ಕರೆಸಿ ಕಿಟಕಿ ತೆಗೆಸಿ ಪ್ಯಾನ್ ಕೂರಿಸಿದ್ದೇವೆ. ಪ್ಲಗ್ ಬಾಕ್ಸ್‌ಗಳನ್ನು ನಾನೇ ಸೀಲ್ ಮಾಡಿದೆ. ನಿನ್ನೆ ರಾತ್ರಿ ಜೋರು ಮಳೆ ಬಂತು, ಬೆಳಿಗ್ಗೆ ಎದ್ದು ಮೊದಲು ಹೋಗಿ ಮೀಟರ್ ಚುಚ್ಚಿದೆ, 14. ಒಳಗಿನ ಡ್ರೈವಾಲ್ ಇನ್ನೂ ಹಾಕಿಸಿಲ್ಲ. ಜೂನ್‌ವರೆಗೆ ಹಾಗೇ ಬಿಟ್ಟು ಪ್ರತಿ ಮಳೆಗೂ ನೋಡುತ್ತೇನೆ.