ಕಾರಂತರಲ್ಲಿ ಮುಂದೆ ಯಾವುದು ಓದಲಿ?

ಪ್ರಶ್ನೆ:
‘ಚೋಮನ ದುಡಿ’, ‘ಮರಳಿ ಮಣ್ಣಿಗೆ’, ‘ಬೆಟ್ಟದ ಜೀವ’, ಮೂಕಜ್ಜಿ ಎಲ್ಲ ಮುಗಿದವು. ಶಿವರಾಮ ಕಾರಂತರ ಕಾದಂಬರಿಗಳು 40ಕ್ಕೂ ಹೆಚ್ಚಿದ್ದರೂ ಜನ ಈ ನಾಲ್ಕರಲ್ಲೇ ಸುತ್ತುತ್ತಾರೆ. ಕಳೆದ ವಾರ ಹಳೆಯ ಪುಸ್ತಕದಂಗಡಿಯಲ್ಲಿ ‘ಸರಸಮ್ಮನ ಸಮಾಧಿ’ ಸಿಕ್ಕಿತು. ರಟ್ಟು ಕಿತ್ತುಹೋಗಿದೆ, ಯಾರೋ 32ನೆಯ ಪುಟಕ್ಕೆ ಬಸ್ ಟಿಕೆಟ್ ಸಿಕ್ಕಿಸಿ ಅಲ್ಲಿಗೇ ಕೈಬಿಟ್ಟಿದ್ದಾರೆ. ಪಾಪ! ಸತಿ ಹೋದವಳ ದೆವ್ವವನ್ನೇ ಎಬ್ಬಿಸಿ ದಾಂಪತ್ಯದ ಒಳಗುದಿಯನ್ನು ಬಿಚ್ಚಿಡುವ ಪುಸ್ತಕ, ನಾನು ಒಂದೇ ರಾತ್ರಿ ಮುಗಿಸಿದೆ. ಮುಂದೆ?

ಉತ್ತರ 1:
‘ಅಳಿದ ಮೇಲೆ’ ಹಿಡಿಯಿರಿ. ರೈಲಿನಲ್ಲಿ ಪರಿಚಯವಾದ ಯಶವಂತರಾಯರು ತೀರಿಕೊಂಡ ಮೇಲೆ, ಅವರು ಯಾರಾಗಿದ್ದರು ಎಂದು ಹುಡುಕುತ್ತಾ ಹೋಗುವ ಕಥೆ. ಒಬ್ಬೊಬ್ಬರ ಬಾಯಲ್ಲಿ ಒಬ್ಬೊಬ್ಬ ಯಶವಂತರಾಯ. ನನ್ನ ಮಟ್ಟಿಗೆ ಮೂಕಜ್ಜಿಗಿಂತ ಒಂದು ಕೈ ಮೇಲು, ಬೈಯುವವರು ಬೈಯಲಿ.

ಉತ್ತರ 2:
ಕಾದಂಬರಿಗೇ ಏಕೆ ಅಂಟಿಕೊಂಡಿದ್ದೀರಿ ಸರ್? 1959ರಲ್ಲಿ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ‘ಯಕ್ಷಗಾನ ಬಯಲಾಟ’ಕ್ಕೆ. ಮನೆಯಲ್ಲಿ ಮಕ್ಕಳಿದ್ದರೆ ‘ಬಾಲಪ್ರಪಂಚ’ದ ಮೂರೂ ಸಂಪುಟ ಹುಡುಕಿ. ನಮ್ಮಜ್ಜ ಅವನ್ನು ಅಕ್ಕಿ ಡಬ್ಬದ ಮೇಲಿನ ಕಪಾಟಿನಲ್ಲಿಟ್ಟಿದ್ದರು. ಕೈ ತೊಳೆಯದೆ ಮುಟ್ಟಿದರೆ ಗುದ್ದು ಖಚಿತ.

ಪ್ರಶ್ನೆ ಕೇಳಿದವರು:
ಗ್ರಂಥಾಲಯದಲ್ಲಿ ‘ಅಳಿದ ಮೇಲೆ’ ಸಿಕ್ಕಿತು. ಚೀಟಿಯ ಮೇಲೆ ಕೊನೆಯ ಮೊಹರು 2009ರದು!